ಗುಡ್ಡದ ಆಚೆಗೆ ಪ್ಯಾಕೆಟ್ ದಾಟಿಸುವುದು ಹೇಗೆ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ). ಮನೆ ತಗ್ಗಿನಲ್ಲಿದೆ, ಎದುರಿಗೆ ದೊಡ್ಡ ಗುಡ್ಡ. ನನ್ನ 5 ವ್ಯಾಟಿನ ಎಪಿಆರ್‌ಎಸ್ (ಇರುವ ಜಾಗ, ಚಿಕ್ಕ ಸುದ್ದಿಗಳನ್ನು ರೇಡಿಯೊದಲ್ಲಿ ಡಿಜಿಟಲ್ ತುಣುಕುಗಳಾಗಿ ಕಳಿಸುವ ವ್ಯವಸ್ಥೆ) ಟ್ರ್ಯಾಕರ್ ಕಳಿಸುವ ಪ್ಯಾಕೆಟ್‌ಗಳು ಗುಡ್ಡದಾಚೆಯ ಗೆಳೆಯರ ಐಗೇಟ್‌ಗೆ (ಪ್ಯಾಕೆಟ್‌ಗಳನ್ನು ಇಂಟರ್ನೆಟ್ಟಿಗೆ ದಾಟಿಸುವ ಸ್ಟೇಷನ್ನಿಗೆ) ಸಿಗುತ್ತಿಲ್ಲ. 25 ವ್ಯಾಟಿನ ರೇಡಿಯೊ ತಗೊಳ್ಳಲಾ, ಇಲ್ಲ ನಡುವೆ ಒಂದು ಡಿಜಿಪೀಟರ್ (ಪ್ಯಾಕೆಟ್ ಕೇಳಿ ಮತ್ತೆ ಕಳಿಸುವ ಸ್ಟೇಷನ್) ಹಾಕಲಾ?

ಉತ್ತರ: ರೇಡಿಯೊಗೆ ದುಡ್ಡು ಹಾಕಬೇಡಿ. ಎಪಿಆರ್‌ಎಸ್ ಬಳಸುವ 144 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಮ್ಮಿ ನೇರ ದಾರಿಯಲ್ಲೇ ಹೋಗುತ್ತವೆ. ಪವರ್ ಐದು ಪಟ್ಟು ಮಾಡಿದರೂ ನಿಮಗೆ ಸಿಗುವುದು 7 ಡೆಸಿಬೆಲ್ ಮಾತ್ರ. ಮಲೆನಾಡಿನ ಗುಡ್ಡ ಅದಕ್ಕಿಂತ ಎಷ್ಟೋ ಜಾಸ್ತಿ ನುಂಗುತ್ತದೆ. ನಿಮಗೆ ಬೇಕಿರುವುದು ಎತ್ತರ.

ಒಂದು ಸುಲಭದ ಲೆಕ್ಕ ಇದೆ. ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಬರುವುದು ರೇಡಿಯೊ ದಿಗಂತ, ಕಿಲೋಮೀಟರಿನಲ್ಲಿ. ಕೈಯಲ್ಲಿ ಹಿಡಿದ ಸೆಟ್‌ಗೆ ಅದು ಸುಮಾರು 5. ಮನೆ ಮೇಲಿನ 10 ಮೀಟರ್ ಕಂಬಕ್ಕೆ 13. ಸುತ್ತಲ ನೆಲಕ್ಕಿಂತ 400 ಮೀಟರ್ ಎತ್ತರದ ಗುಡ್ಡದ ನೆತ್ತಿಗೆ 82! ಎರಡೂ ಕಡೆಯದನ್ನು ಕೂಡಿಸಿದರೆ ನಿಮ್ಮ ಕೈಸೆಟ್ಟೂ ಆ ನೆತ್ತಿಯೂ 87 ಕಿಲೋಮೀಟರ್ ದೂರದಿಂದ ಮಾತಾಡಬಹುದು, ನಡುವೆ ಬೇರೆ ಗುಡ್ಡ ಇಲ್ಲದಿದ್ದರೆ.

ಡಿಜಿಪೀಟರ್ ಅಂದರೆ ಹೆದರಬೇಡಿ. ಮಾತಿನ ರಿಪೀಟರ್ ಕೇಳುತ್ತಲೇ ಹೇಳಬೇಕು. ಹಾಗಾಗಿ ಅದಕ್ಕೆ ಎರಡು ಫ್ರೀಕ್ವೆನ್ಸಿ, ದುಬಾರಿ ಫಿಲ್ಟರ್ ಎಲ್ಲಾ ಬೇಕು. ಡಿಜಿಪೀಟರ್ ಮೊದಲು ಇಡೀ ಪ್ಯಾಕೆಟ್ ಕೇಳಿಸಿಕೊಳ್ಳುತ್ತದೆ, ಆಮೇಲೆ ಅದೇ ಫ್ರೀಕ್ವೆನ್ಸಿಯಲ್ಲಿ ಹೇಳುತ್ತದೆ. ಒಂದು ರೇಡಿಯೊ, ಒಂದು ಆಂಟೆನಾ, ಪ್ಯಾಕೆಟ್ಟನ್ನು ಸದ್ದಾಗಿಯೂ ಸದ್ದನ್ನು ಪ್ಯಾಕೆಟ್ಟಾಗಿಯೂ ಮಾಡುವ ಒಂದು ಮೋಡೆಮ್ ಸಾಕು. ಕೇಬಲ್ ಮಾತ್ರ ಒಳ್ಳೆಯದು ಹಾಕಿ. 15 ಮೀಟರ್ ಆರ್‌ಜಿ-58 ಕೇಬಲ್ಲಿನಲ್ಲೇ ಸುಮಾರು ಅರ್ಧ ಪವರ್ ಕಳೆದುಹೋಗುತ್ತದೆ.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು. ಈ ಚಾನೆಲ್ ಎಲ್ಲರದು. 1200 ಬಾಡ್ (ಸೆಕೆಂಡಿಗೆ 1200 ಬಿಟ್) ವೇಗದಲ್ಲಿ ಒಂದು ಪ್ಯಾಕೆಟ್‌ಗೆ ಒಂದು ಸೆಕೆಂಡಿನಷ್ಟು ಹೊತ್ತು ಬೇಕು. ಒಂದೊಂದು ಡಿಜಿಪೀಟರೂ ಅದರ ನಕಲು ಕಳಿಸಿದಾಗ ಇನ್ನೊಂದು ಸೆಕೆಂಡ್ ಹೋಯಿತು. ಗುಡ್ಡದ ಈಚೆ ಒಬ್ಬರು, ಆಚೆ ಒಬ್ಬರು ಇದ್ದಾರೆ ಅಂದುಕೊಳ್ಳಿ. ಅವರಿಗೆ ಒಬ್ಬರದೊಬ್ಬರಿಗೆ ಕೇಳಿಸುವುದಿಲ್ಲ, ನೆತ್ತಿಗೆ ಇಬ್ಬರದೂ ಕೇಳಿಸುತ್ತದೆ. ಚಾನೆಲ್ ಖಾಲಿ ಇದೆ ಅಂತ ಇಬ್ಬರೂ ಒಟ್ಟಿಗೆ ಕಳಿಸಿದರೆ ನೆತ್ತಿಯಲ್ಲಿ ಎರಡೂ ಕೆಡುತ್ತವೆ. ಅದಕ್ಕೇ ಸಂಯಮ ಬೇಕು. ಟ್ರ್ಯಾಕರ್‌ಗೆ ವೈಡ್ 1-1, ವೈಡ್ 2-1 ಅಂತ ದಾರಿ ಕೊಡಿ (ಪ್ಯಾಕೆಟ್ಟನ್ನು ಎಷ್ಟು ಸಲ ಮತ್ತೆ ಕಳಿಸಬೇಕು ಅಂತ ಡಿಜಿಪೀಟರ್‌ಗಳಿಗೆ ಹೇಳುವ ಸೂಚನೆ ಇದು). ಎರಡು ನೆಗೆತ ಆಯಿತು, ಅಷ್ಟು ಧಾರಾಳ ಸಾಕು. ಹತ್ತಿರದಲ್ಲಿ ಎತ್ತರದ ದೊಡ್ಡ ಡಿಜಿಪೀಟರ್ ಇದ್ದರೆ ನಿಮ್ಮದು ವೈಡ್ 1-1ಕ್ಕೆ ಮಾತ್ರ ಓಗೊಡಲಿ. ಅದನ್ನು ಫಿಲ್-ಇನ್ ಅನ್ನುತ್ತಾರೆ, ತಗ್ಗಿನ ಮನೆಗಳಿಗೆ ಇದೇ ಸರಿ. ಸುತ್ತ ಯಾವುದೂ ಇಲ್ಲ, ನೀವೇ ನೆತ್ತಿಯಲ್ಲಿದ್ದೀರಿ ಅಂದರೆ ವೈಡ್ 2ಕ್ಕೂ ಓಗೊಡಲಿ. ಎಪಿಆರ್‌ಎಸ್ ರೂಪಿಸಿದ, 2022ರಲ್ಲಿ ತೀರಿಕೊಂಡ ಬಾಬ್ ಬ್ರುನಿಂಗಾ ಇದನ್ನು ಬರೀ ಗಾಡಿ ಹುಡುಕುವ ವ್ಯವಸ್ಥೆ ಅಂತ ನೋಡಲೇ ಇಲ್ಲ. ಅಕ್ಕಪಕ್ಕದ ಹ್ಯಾಮ್‌ಗಳು ಮಾಹಿತಿ ಹಂಚಿಕೊಳ್ಳಲಿ ಅನ್ನುವುದು ಅವರ ಆಸೆ. ನಿಮ್ಮ ಪ್ಯಾಕೆಟ್ ಮೂರು ಜಿಲ್ಲೆ ದಾಟಬೇಕಾಗಿಲ್ಲ, ಅಲ್ವಾ?

ನೆತ್ತಿಯಲ್ಲಿ ಕರೆಂಟ್ ಇರದು, ಸೋಲಾರ್ ಬೇಕು. ಬ್ಯಾಟರಿ ತಿನ್ನುವುದು ಕಳಿಸುವ ಕೆಲಸ ಅಂತ ತುಂಬಾ ಜನ ತಿಳಿದಿದ್ದಾರೆ. ನಿಜವಾಗಿ ತಿನ್ನುವುದು ದಿನವಿಡೀ ಕೇಳುವ ಕೆಲಸ. ರೇಡಿಯೊ ಸುಮ್ನೆ ಕೇಳುತ್ತಾ 0.4 ಆಂಪಿಯರ್ ಎಳೆದರೂ ದಿನಕ್ಕೆ ಸುಮಾರು 10 ಆಂಪಿಯರ್-ಅವರ್ ಆಯಿತು. ಆಷಾಢದಲ್ಲಿ ಐದು ದಿನ ಬಿಸಿಲೇ ಕಾಣದಿದ್ದರೆ 50. ಜೊತೆಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟರೆ ಇನ್ನೂ ಜಾಸ್ತಿ. ಅಲ್ಲಿ ಚಿಕ್ಕ ಮೈಕ್ರೋಕಂಟ್ರೋಲರ್ ಮೋಡೆಮ್ ವಾಸಿ. ಸಿಡಿಲಿಗೆ ಅರ್ಥಿಂಗ್ ಮರೆಯಬೇಡಿ. ಜಾಗ ಅರಣ್ಯದ್ದಾದರೆ ಅನುಮತಿ ಬೇಕು, ಲೈಸೆನ್ಸಿನಲ್ಲಿರುವ ಸ್ಟೇಷನ್ ಜಾಗದ ವಿಷಯವನ್ನೂ ಮೊದಲೇ ಸರಿಮಾಡಿಕೊಳ್ಳಿ.

ಏನನ್ನೂ ಕೊಳ್ಳುವ ಮೊದಲು ಒಂದು ಭಾನುವಾರ ಆ ನೆತ್ತಿಗೆ ಹತ್ತಿ. ಕೈಸೆಟ್, ಡೈರ್‌ವುಲ್ಫ್ (ಮೋಡೆಮ್ ಕೆಲಸ ಮಾಡುವ ಸಾಫ್ಟ್‌ವೇರ್) ಹಾಕಿದ ಲ್ಯಾಪ್‌ಟಾಪ್, ಬುತ್ತಿ ಇಷ್ಟು ಸಾಕು. ಡೈರ್‌ವುಲ್ಫ್ ತೋರಿಸುವ ಆಡಿಯೊ ಮಟ್ಟ 50ರ ಆಸುಪಾಸು ಇರಲಿ. ಟ್ರ್ಯಾಕರನ್ನು ಇನ್ನೊಬ್ಬ ಹ್ಯಾಮ್ ಗೆಳೆಯರ ಕೈಗೆ ಕೊಟ್ಟು ಎರಡು ನಿಮಿಷಕ್ಕೊಂದು ಪ್ಯಾಕೆಟ್ ಕಳಿಸುತ್ತಾ ನಿಮ್ಮ ಕಣಿವೆಯಲ್ಲಿ ಓಡಾಡಲು ಹೇಳಿ. ಗಂಟೆಗೆ 30 ಬರಬೇಕು. 15 ಬಂದರೆ ಜಾಗ ಬಿಡಬೇಡಿ, ಆಂಟೆನಾವನ್ನು ಹತ್ತು ಹೆಜ್ಜೆ ಸರಿಸಿ ಮತ್ತೆ ಎಣಿಸಿ.