ಟೀಚರ್ ಅಚ್ಚು ಹಾಕಿದ ತಿರುಗುಮುರುಗು ಸಾಲು

(ನನ್ನ ಹತ್ತಿರ ಆಪ್ತಸಲಹೆಗೆ ಬಂದವರೊಬ್ಬರ ಕತೆ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದದ್ದು.)

ಮೊದಲು ಫೋನ್ ಮಾಡಿದ್ದು ಮಗ. "ಅಮ್ಮ ರಾತ್ರಿ 2 ಗಂಟೆ ಆದ್ರೂ ಮಲಗಲ್ಲ ಮೇಡಂ. ಮನೆ ತುಂಬ ಬಣ್ಣ, ಹಾಳೆ, ಬಟ್ಟೆ ಚೂರು. ಪಿಂಚಣಿಯೆಲ್ಲ ಅದಕ್ಕೇ ಹೋಗುತ್ತೆ. ಅಪ್ಪ ಹೋದ ಮೇಲಂತೂ ಜಾಸ್ತಿಯಾಗಿದೆ."

ಅಮ್ಮನಿಗೆ 67 ವರ್ಷ. ಮಲೆನಾಡಿನವರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ. ಏಳನೇ ಕ್ಲಾಸಿನಿಂದ ಕವಿತೆ ಬರೆಯುತ್ತಿದ್ದವರು. ಜೊತೆಗೆ ಜಲವರ್ಣ, ಕೌದಿ, ಲಿನೋ ಅಚ್ಚು (ಲಿನೋಲಿಯಂ ಹಾಳೆಯಲ್ಲಿ ಉಳಿಯಿಂದ ಕೊರೆದು, ಮಸಿ ಬಳಿದು ಕಾಗದಕ್ಕೆ ಒತ್ತುವುದು). ಹಸೆ ಚಿತ್ತಾರವನ್ನು ಊರಿನ ಅಜ್ಜಿಯೊಬ್ಬರ ಪಕ್ಕ ಕೂತು ಕಲಿತಿದ್ದರು: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ.

ಟೀಚರ್ ಹೇಳಿಕೊಂಡ ಕಷ್ಟ ಮಗ ಹೇಳಿದ್ದಲ್ಲ. "14 ತಿಂಗಳಾಯ್ತು, ಒಂದು ಸಾಲು ಬಂದಿಲ್ಲ. ಕೈ ಮಾತ್ರ ಸುಮ್ನಿರಲ್ಲ. ಕವಿತೆ ಬರಲ್ಲ ಅಂತ ಇದೆಲ್ಲ ಕಳ್ಳಾಟ ಆಡ್ತಿದೀನೇನೋ ಅನ್ಸುತ್ತೆ."

ನಿದ್ದೆ ಕಡಿಮೆ, ಖರ್ಚು ಜಾಸ್ತಿ, ಕೈಗೆ ಬಿಡುವಿಲ್ಲ. ಇವು ಒಟ್ಟಿಗೆ ಕಂಡರೆ ಉನ್ಮಾದವೇನೋ (ಮೇನಿಯಾ, ಮನಸ್ಸು ಅತಿಯಾಗಿ ಏರಿಬಿಡುವ ಕಾಯಿಲೆ) ಎಂದು ನೋಡಲೇಬೇಕು. ಉನ್ಮಾದದಲ್ಲಿರುವವರು ಮೂರು ಗಂಟೆ ಮಲಗಿ ಎದ್ದರೂ ಸಾಮಾನ್ಯವಾಗಿ ಚುರುಕಾಗಿಯೇ ಇರುತ್ತಾರೆ. ಟೀಚರ್ ಹಾಗಲ್ಲ, ಬೆಳಗ್ಗೆ ಪೂರ್ತಿ ಸುಸ್ತು. ಆದರೂ ಮನೋವೈದ್ಯರ ಹತ್ತಿರ ಕಳಿಸಿದೆ. ಉನ್ಮಾದವಲ್ಲ, ಗಂಡ ಹೋದ ದುಃಖ ಎಂದರು. ಖರ್ಚನ್ನೂ ಮಗನ ಎದುರಿಗೇ ಲೆಕ್ಕ ಹಾಕಿದೆವು. ತಿಂಗಳಿಗೆ 2,300 ರೂಪಾಯಿ. ಅಷ್ಟೇನಾ ಎಂದು ಮಗನಿಗೇ ಆಶ್ಚರ್ಯ.

ಇಲ್ಲಿ ನನ್ನದೊಂದು ತಪ್ಪಿದೆ. ಮೊದಲ ಭೇಟಿಯಲ್ಲೇ, "ಸದ್ಯಕ್ಕೆ ಯಾವುದಾದರೂ ಒಂದನ್ನೇ ಹಿಡಿದುಕೊಳ್ಳಿ ಟೀಚರ್" ಅಂದುಬಿಟ್ಟೆ.

"ಒಲೆ ಮೇಲೆ ಅನ್ನ ಇರೋವಾಗ ಸಾರಿಗೆ ಇಡಬಾರದು ಅಂದಹಾಗಾಯ್ತು," ಎಂದರು. ಆಮೇಲೆ ನನಗೇ ಪಾಠ. "ಟಾಗೋರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಎಳೆದು ಎಳೆದು ಚಿತ್ರ ಮಾಡ್ತಿದ್ರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರ ಪ್ರದರ್ಶನಕ್ಕಿಟ್ಟಾಗ ಹತ್ತಿರ ಹತ್ತಿರ 70 ವರ್ಷ. ಅವರಿಗೆ ಯಾರಾದ್ರೂ ಒಂದನ್ನೇ ಹಿಡ್ಕೊಳ್ಳಿ ಅಂದ್ರಾ?"

ಸೋತೆ, ಒಪ್ಪಿಕೊಂಡೆ. ಹಾಗಾದರೆ ಈಚೆಗೆ ಮಾಡಿದ್ದೇನಾದರೂ ತನ್ನಿ, ನೋಡೋಣ ಎಂದೆ.

ಮುಂದಿನ ಸಲ ಒಂದು ಲಿನೋ ಅಚ್ಚು ತಂದರು. ಒಂದು ಲೋಟ, ಅದರ ಕೆಳಗೆ ಏನೋ ಅಕ್ಷರ. ಓದಲು ಬರಲಿಲ್ಲ. ಲಿನೋದಲ್ಲಿ ಅಕ್ಷರ ಕೊರೆಯುವಾಗ ತಿರುಗುಮುರುಗಾಗಿ ಕೊರೆಯಬೇಕು, ಅಚ್ಚಿನಲ್ಲಿ ಆಗ ನೆಟ್ಟಗೆ ಮೂಡುತ್ತದೆ. ನಿದ್ದೆಗಣ್ಣಲ್ಲಿ ಮರೆತು ನೆಟ್ಟಗೆ ಕೊರೆದಿದ್ದರು. ದೀರ್ಘ, ಕೊಂಬು ಎಲ್ಲ ಎಡಕ್ಕೆ ತಿರುಗಿ ಕೂತಿದ್ದವು. "ಹಾಳಾಯ್ತು, ಎಸೀಬೇಕು ಅಂತಿದ್ದೆ," ಎಂದರು. ನಾನು ಎದ್ದು ಅದನ್ನು ಕೈತೊಳೆಯುವ ಕಡೆಯ ಕನ್ನಡಿಗೆ ಹಿಡಿದೆ.

"ಚಹಾ ಆರ್ತಾ ಇದೆ, ಏಳಿ."

38 ವರ್ಷ ಗಂಡನಿಗೆ ದಿನಾ ಬೆಳಗ್ಗೆ ಹೇಳುತ್ತಿದ್ದ ಮಾತಂತೆ. ಸಾಲು ಬಂದಿಲ್ಲ ಅಂದ್ರಲ್ಲ ಟೀಚರ್, ಇದೇನು ಅಂದೆ. ಬಹಳ ಹೊತ್ತು ಅತ್ತರು. ನಾನು ಮಾತಾಡಲಿಲ್ಲ.

ಆಮೇಲೆ ಕೊಟ್ಟ ಸಲಹೆ ದೊಡ್ಡದೇನಲ್ಲ. ಕವಿತೆ ಬರೆಯಲೆಂದೇ ಕೂರಬೇಡಿ. ಕೈಗೆ ಯಾವುದು ಸಿಗುತ್ತೋ ಅದನ್ನು ಮಾಡಿ, ಹಿಂದುಗಡೆ ತಾರೀಕು ಹಾಕಿ, ಮಾತು ಹೊಳೆದರೆ ಅಲ್ಲೇ ಗೀಚಿ. ಲಿನೋ ಉಳಿ ಮಾತ್ರ ಹಗಲಲ್ಲಿ. ತೂಕಡಿಸುವ ಕೈಗೆ ಉಳಿ ಒಳ್ಳೆಯದಲ್ಲ, ಒಂದು ಹೆಬ್ಬೆರಳಿಗೆ ಆಗಲೇ ಪಟ್ಟಿ ಇತ್ತು. ರಾತ್ರಿ ಹತ್ತೂವರೆಗೆ ದೀಪ ಆರಬೇಕು. ನಿದ್ದೆ ಬರದಿದ್ದರೆ ಎದ್ದು ಸಣ್ಣ ದೀಪದಲ್ಲಿ ಕೌದಿಯ ತುಂಡುಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಹೊಲಿಗೆ ಬೇಡ. ಅವರಿಗೆ ಅತಿ ಕಷ್ಟದ ಹೊತ್ತು ಬೆಳಗ್ಗೆ ಆರು. ಆಗ ಒಬ್ಬರೇ ಕೂರದೆ ಪಕ್ಕದ ಮನೆಯವರ ಜೊತೆ ಚಹಾ ಕುಡಿಯಿರಿ ಎಂದೆ. ಮಗನಿಗೆ ಹೇಳಿದ್ದು, "ಎಷ್ಟಾಯ್ತು" ಅಂತ ಕೇಳುವುದು ಬಿಡಿ, ವಾರಕ್ಕೊಮ್ಮೆ "ಏನು ಮಾಡಿದ್ರಿ, ತೋರಿಸಿ" ಅನ್ನಿ.

ನಾಲ್ಕನೇ ಭೇಟಿಯ ಹೊತ್ತಿಗೆ ರಾತ್ರಿಗೆ ಐದು ತಾಸು ನಿದ್ದೆ ಬರುತ್ತಿತ್ತು. ಪೂರ್ತಿ ಸರಿಹೋಗಿಲ್ಲ, ಇನ್ನೂ ಬರುತ್ತಿದ್ದಾರೆ. ಅವತ್ತು ಮಗನೂ ಬಂದಿದ್ದರು. ಅಚ್ಚಿನ ಫೋಟೊ ತೆಗೆದು ಫೋನಿನಲ್ಲಿ ತಿರುಗಿಸಿ ಓದಿದರು.

"ಅಪ್ಪ ಏಳ್ತಾನೇ ಇರ್ಲಿಲ್ಲ," ಎಂದರು.

"ಮೂರು ಸಲ ಬಿಸಿ ಮಾಡ್ಬೇಕಿತ್ತು," ಎಂದರು ಟೀಚರ್.