ನಿಮ್ಮ ಉದಾಹರಣೆಯೇ ನಿಮ್ಮ ವಾದವನ್ನು ಒಪ್ಪುತ್ತಿಲ್ಲ

ನಮಸ್ಕಾರ.

‘ಇದು ಹೀಗಿದೆ’, ‘ಹೀಗಿಲ್ಲ’ ಎಂದು ನಾವು ಕೊಡುವ ತೀರ್ಪಿಗೆ ದಿನನಿತ್ಯದ ಅನುಭವವೇ ಆಧಾರ ಎಂದು ವಾದಿಸುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಪಕ್ಕಕ್ಕಿಡಲೂ ಮನಸ್ಸಾಗಲಿಲ್ಲ.

ಮೊದಲ ಪುಟಗಳಲ್ಲಿ ಅನುಭವವನ್ನೇ ಕೆದಕಿ ನೋಡಿದ ತತ್ವಜ್ಞಾನಿಗಳಾದ ಹುಸೆರ್ಲ್, ಹೈಡೆಗರ್, ಮೆರ್ಲೊ-ಪಾಂಟಿ ಸಾಲಾಗಿ ಬಂದು ಒಂದೇ ಮಾತು ಹೇಳಿ ಹೋಗುತ್ತಾರೆ. ಅನುಭವ ಹೇಗೆ ಆಧಾರವಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಉತ್ತರ ಇರುವುದು ನೀವು ಎರಡೇ ಸಾಲಿನಲ್ಲಿ ದಾಟಿಸಿಬಿಟ್ಟ ಪ್ರಸಂಗದಲ್ಲಿ: ಕತ್ತಲಲ್ಲಿ ಇಳಿಯುವಾಗ ಇನ್ನೂ ಒಂದು ಮೆಟ್ಟಿಲಿದೆ ಎಂದು ಕಾಲಿಟ್ಟರೆ ಸಿಕ್ಕಿದ್ದು ನೆಲ. ಅಲ್ಲೇ ನಿಲ್ಲಿ. ‘ಮೆಟ್ಟಿಲಿಲ್ಲ’ ಎಂಬ ವಾಕ್ಯ ಹೊಳೆಯುವ ಮೊದಲೇ ಮೊಣಕಾಲು ಅದುರಿದೆ, ಕೈ ಗೋಡೆ ಹುಡುಕಿದೆ. ಮೆಟ್ಟಿಲಿದೆ ಎಂದೂ ನೀವು ತೀರ್ಮಾನಿಸಿರಲಿಲ್ಲ. ಕಾಲು ನಂಬಿತ್ತು, ಅಷ್ಟೇ. ಆ ನಂಬಿಕೆ ಮುರಿದ ಮೇಲೆ ‘ಇಲ್ಲ’ ಬಂತು.

ಹುಸೆರ್ಲ್ ತೀರಿಕೊಂಡ ಮರುವರ್ಷ, 1939ರಲ್ಲಿ, ಆತನ ಸಹಾಯಕನಾಗಿದ್ದ ಲಾಂಡ್‌ಗ್ರೆಬೆ ಸಂಪಾದಿಸಿ ಹೊರತಂದ ಆತನ ಪುಸ್ತಕ ‘ಅನುಭವ ಮತ್ತು ತೀರ್ಪು’ ಇದನ್ನೇ ಬಿಡಿಸಿ ನೋಡುತ್ತದೆ. ಎದುರಿಗೆ ಕೆಂಪನೆಯ ಗುಂಡು ಚೆಂಡು. ಹಿಂಬದಿಯೂ ಹಾಗೇ ಇರುತ್ತದೆಂದು ನೋಡಿದರೆ ಹಸಿರು, ಮೇಲಾಗಿ ನೆಗ್ಗಿದೆ. ಅಲ್ಲಗಳೆಯುವುದು ಶುರುವಾಗುವುದು ವಾಕ್ಯದಲ್ಲಲ್ಲ, ಹುಸಿಹೋದ ನಿರೀಕ್ಷೆಯಲ್ಲಿ. ಅಷ್ಟೇ ಅಲ್ಲ, ಆಗಲೇ ಕಂಡದ್ದರ ಅರ್ಥವೂ ತಿರುಗಿ ತಿದ್ದಿಹೋಗುತ್ತದೆ: ಮೊದಲು ಕಂಡ ಕೆಂಪು ಬದಿ ಈಗ ಪೂರ್ತಿ ಕೆಂಪು ಚೆಂಡಿನ ಬದಿಯಲ್ಲ. ಈ ಎರಡನೆಯದನ್ನು ನೀವು ಗಮನಿಸಿಯೇ ಇಲ್ಲ.

ಅದಕ್ಕೇ ಕೊನೆಯ ಪುಟ ದಾರಿ ತಪ್ಪಿದೆ. ‘ಅನುಭವಿಸಿದವರ ಮಾತನ್ನು ಪ್ರಶ್ನಿಸುವಂತಿಲ್ಲ’ ಎಂದಿದ್ದೀರಿ. ನಿಮ್ಮ ಕಾಲು ಮೋಸಹೋಯಿತಲ್ಲ! ಅನುಭವ ಆಧಾರವಾಗುವುದು ಅದು ತಪ್ಪುವುದೇ ಇಲ್ಲವೆಂದಲ್ಲ. ತಪ್ಪು ಗೊತ್ತಾಗುವುದೂ ತಿದ್ದಿಕೊಳ್ಳುವುದೂ ಅಲ್ಲಿಯೇ ಎಂಬ ಕಾರಣಕ್ಕೆ. ‘ಹುಸೆರ್ಲ್ ವಿಜ್ಞಾನವನ್ನು ತಿರಸ್ಕರಿಸಿದ’ ಎಂಬ ಸಾಲನ್ನೂ ಹೊಡೆದುಹಾಕಿ. ಆತ ಡಾಕ್ಟರೇಟ್ ಪಡೆದದ್ದು ಗಣಿತದಲ್ಲಿ. ಯುರೋಪಿನ ವಿಜ್ಞಾನಗಳ ಬಿಕ್ಕಟ್ಟಿನ ಬಗ್ಗೆ ಬರೆದ 1936ರ ‘ಬಿಕ್ಕಟ್ಟು’ ಬರಹದಲ್ಲಿ ಅವನ ತಕರಾರು, ಗೆಲಿಲಿಯೋನಿಂದೀಚೆಗೆ ವಿಜ್ಞಾನ ತಾನು ನಿಂತ ನೆಲವನ್ನೇ, ಅಂದರೆ ದಿನನಿತ್ಯದ ಅನುಭವವನ್ನೇ, ಮರೆತಿದೆ ಎಂಬುದು. ವಿಜ್ಞಾನ ಸುಳ್ಳು ಎಂಬುದಲ್ಲ.

ಹೈಡೆಗರ್ ಬೇಕೇ ಬೇಕೆಂದರೆ ಸುತ್ತಿಗೆಯ ಪ್ರಸಂಗ ಸಾಕು: ಭಾರವೆನಿಸಿದ್ದನ್ನು ಮಾತಿಲ್ಲದೆ ಕೆಳಗಿಟ್ಟು ಬೇರೆಯದನ್ನು ಎತ್ತಿಕೊಳ್ಳುವುದು. ಅಲ್ಲೂ ತೀರ್ಪು ವಾಕ್ಯಕ್ಕಿಂತ ಮೊದಲೇ ಕೈಯಲ್ಲಿ ಆಗಿಹೋಗಿರುತ್ತದೆ. ಮೆರ್ಲೊ-ಪಾಂಟಿಯನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

ಮೆಟ್ಟಿಲಿನಿಂದಲೇ ಶುರುಮಾಡಿ ಹೊಸದಾಗಿ ಬರೆಯಿರಿ. ಈಗಿನದರ ಅರ್ಧದಷ್ಟು ಉದ್ದ ಸಾಕು. ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

— ಸಂಪಾದಕ