ಎನ್‌ಸಿಸಿಗೆ ಸೇರಿದರೆ ಸೈನ್ಯಕ್ಕೆ ಹೋಗಲೇಬೇಕೇ?

ತೀರ್ಥಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ 8ನೇ ತರಗತಿ ಓದುತ್ತಿರುವ ಮಗಳನ್ನು ಎನ್‌ಸಿಸಿಗೆ ಸೇರಿಸಿದರೆ ಮುಂದೆ ಸೈನ್ಯಕ್ಕೆ ಹೋಗಲೇಬೇಕಾಗುತ್ತದೆಯೇ, ಈ ವಯಸ್ಸಿನಲ್ಲಿ ಬಂದೂಕಿನ ತರಬೇತಿ ಸರಿಯೇ ಎಂದು ತಾವು ಕೇಳಿದ್ದೀರಿ.

ಮೊದಲನೆಯದರ ಬಗ್ಗೆ ಆತಂಕ ಬೇಡ. ಕೆಡೆಟ್ ಆದ ಮಾತ್ರಕ್ಕೆ ಸೈನಿಕ ಸೇವೆಯ ಹೊಣೆ ಬರುವುದಿಲ್ಲವೆಂದು 1948ರ ಎನ್‌ಸಿಸಿ ಕಾಯ್ದೆಯೇ ಹೇಳುತ್ತದೆ.

ಎರಡನೆಯದು ನನ್ನನ್ನೂ ಕಾಡಿದ ಪ್ರಶ್ನೆ. ನನ್ನ ಮಗಳು ಎರಡು ವರ್ಷ ಕೆಡೆಟ್ ಆಗಿದ್ದಳು. ಹೆಚ್ಚಿನ ಸಮಯ ಕವಾಯತು, ಪ್ರಥಮ ಚಿಕಿತ್ಸೆ, ನಕ್ಷೆ ಓದುವುದರಲ್ಲೇ ಕಳೆಯಿತು, ರೈಫಲ್ ಹಿಡಿದದ್ದು ಶಿಬಿರದಲ್ಲಿ, ತರಬೇತುದಾರರ ಕಣ್ಣೆದುರಿನಲ್ಲಿ ಮಾತ್ರ. ಆಷಾಢದ ಮಳೆಯಲ್ಲಿ ಒಣಗದ ಖಾಕಿ ಸಮವಸ್ತ್ರವನ್ನು ರಾತ್ರಿ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹರವಿ, ಒದ್ದೆ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ, ಬೆಳಿಗ್ಗೆ ಮೊದಲ ಬಸ್ಸಿಗೆ ತಾನಾಗಿಯೇ ಸಿದ್ಧಳಾಗುತ್ತಿದ್ದಳು. ಆದರೆ ಅದು ಅವಳೇ ಆರಿಸಿಕೊಂಡದ್ದು. 1962ರ ಯುದ್ಧದ ಬಳಿಕ ಕಾಲೇಜುಗಳಲ್ಲಿ ಕಡ್ಡಾಯಗೊಂಡಿದ್ದ ಎನ್‌ಸಿಸಿ 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಶಾಲೆಗಳಲ್ಲಿಯೂ ಅದು ಐಚ್ಛಿಕವಾಗಿಯೇ ಉಳಿಯಬೇಕೆಂದು ನಾನು ಬಲವಾಗಿ ನಂಬುತ್ತೇನೆ, ಏಕೆಂದರೆ ಮನಸ್ಸಿಲ್ಲದ ಮಗುವಿಗೆ ಕವಾಯತು ಶಿಕ್ಷೆಯಂತೆಯೇ ಕಾಣುತ್ತದೆ.

ಆದ್ದರಿಂದ ಮೊದಲು ಮಗಳನ್ನೇ ಕೇಳಿ. ಒಪ್ಪಿದರೆ, ಕವಾಯತು ಮುಗಿದ ಮೇಲೆ ನಿಮ್ಮೂರಿಗೆ ಬಸ್ಸಿದೆಯೇ, ಶಿಬಿರಕ್ಕೆ ಶಿಕ್ಷಕಿಯೊಬ್ಬರು ಜೊತೆಗೆ ಹೋಗುತ್ತಾರೆಯೇ ಎಂಬುದನ್ನು ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಿಯೇ ಅರ್ಜಿಗೆ ಸಹಿ ಹಾಕಿ.